ಆಳಿಗೆ ಎತ್ತು ಹಾಯ್ದರೆ ಖರ್ಚು ಯಾರದು?

ನಮ್ಮ ಕಡೆ ಸಂಬಳದಾಳಿಗೆ ಎತ್ತು ಹಾಯ್ದರೆ ಮೊದಲು ಕೇಳಿಬರೋ ಮಾತು, "ದನ ಅಂದ್ಮೇಲೆ ಹಾಯ್ತದೆ, ಒದಿತದೆ, ಅವ್ನೇ ಹುಷಾರಾಗಿರಬೇಕಿತ್ತು." ನಾನು ಇದನ್ನ ಒಪ್ಪೋದಿಲ್ಲ. ದನ ಯಜಮಾನರದು, ಕೆಲಸ ಯಜಮಾನರದು. ಆ ಕೆಲಸದಲ್ಲಿ ಬಿದ್ದ ಪೆಟ್ಟಿನ ಹೊಣೆಯೂ ಅವರದೇ.

ಹೊಳಲ್ಕೆರೆ ಕಡೆ ನೆಂಟರ ಊರಲ್ಲಿ ಕಣ್ಣಾರೆ ಕಂಡಿದ್ದು ಹೇಳ್ತೀನಿ. ಹೊಸ ಮೂಗುದಾರ ಹಾಕುವಾಗ ಎತ್ತು ತಲೆ ಕೊಡವಿತು, ಕೊಂಬು ಆಳಿನ ತೊಡೆಗೆ ಇಳೀತು. ಟವೆಲ್ ಬಿಗಿದು, ಗೂಡ್ಸ್ ಆಟೋದಲ್ಲಿ ಮಲಗಿಸಿ ಚಿತ್ರದುರ್ಗಕ್ಕೆ ಒಯ್ದರು. ಯಜಮಾನರು ಕೆಟ್ಟವರಲ್ಲ, ಆಟೋ ಬಾಡಿಗೆ, ಮೊದಲ ದಿನದ ಔಷಧಿ ಅವರೇ ಕೊಟ್ಟರು. ಆದರೆ ಯುಗಾದಿಗೆ ಮಾತಾಡಿದ್ದ ವರ್ಷದ ಸಂಬಳದಲ್ಲಿ, ಅವನು ಮಲಗಿದ್ದ ದಿನಗಳನ್ನ ಮುರ್ಕೊಂಡರು! "ಯಜಮಾನ್ರೇ, ನಿಮ್ ಕೆಲ್ಸದಾಗೇ ಅಲ್ವಾ ಪೆಟ್ಟಾಗಿದ್ದು?" ಅಂತ ಅವನ ಹೆಂಡತಿ ಕೇಳಿದ್ದಕ್ಕೆ ಕಟ್ಟೆ ಮೇಲಿದ್ದ ಯಾರೂ ಉತ್ತರ ಕೊಡಲಿಲ್ಲ.

ಕಾನೂನು ಆ ಹೆಣ್ಣುಮಗಳ ಕಡೆಗಿದೆ. 1923ರ ನೌಕರರ ಪರಿಹಾರ ಕಾಯ್ದೆ ಬರೀ ಕಾರ್ಖಾನೆಯವರಿಗೆ ಅಂತ ಬಹಳ ಜನ ತಿಳಿದಿದ್ದರು. ಅದರ ಎರಡನೇ ಅನುಸೂಚಿಯಲ್ಲಿ ಕುದುರೆ, ಹೇಸರಗತ್ತೆ, ಹೋರಿಯಂಥ ಪ್ರಾಣಿಗಳನ್ನ ನಿಭಾಯಿಸೋ ಕೆಲಸದವರೂ ಇದ್ದರು. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮಾಲೀಕರ ಈ ಹೊಣೆ ಮುಂದುವರಿದಿದೆ. ಯಜಮಾನರದ್ದೇ ತಪ್ಪು ಅಂತ ಆಳು ಸಾಬೀತು ಮಾಡಬೇಕಿಲ್ಲ, ಕೆಲಸದ ವೇಳೆ, ಕೆಲಸದಿಂದಲೇ ಪೆಟ್ಟಾಯ್ತು ಅಂದ್ರೆ ಸಾಕು. ಕುಡಿದಿದ್ದ ಅನ್ನೋಥರದ ಕೆಲವು ವಿನಾಯಿತಿ ಇದೆ ನಿಜ, ಸಾವಾದರೆ ಅದೂ ನಡೆಯಲ್ಲ. ಚಿಕಿತ್ಸೆಗೆ ಆದ ಖರ್ಚನ್ನೂ ಮಾಲೀಕರೇ ಕೊಡಬೇಕು.

ಒಂದು ಲೆಕ್ಕ ನೋಡಿ. ಆಳಿಗೆ 40 ವರ್ಷ, ತಿಂಗಳಿಗೆ 12,000 ರೂಪಾಯಿ ದುಡಿಮೆ. ಶಾಶ್ವತವಾಗಿ ಏನೂ ಕೈಲಾಗದಂಗಾದರೆ ಸಂಬಳದ ಶೇ. 60, ಅಂದ್ರೆ 7,200. ಅದನ್ನ ಕಾನೂನಿನ ಪಟ್ಟಿಯಲ್ಲಿ ಆ ವಯಸ್ಸಿಗಿರೋ 184.17ರಿಂದ ಗುಣಿಸಬೇಕು. 13 ಲಕ್ಷ ದಾಟ್ತದೆ. ದುಡಿಯೋ ಶಕ್ತಿ ಕಾಲುಭಾಗ ಹೋದರೂ 3 ಲಕ್ಷದ ಮೇಲೆ.

ಎರಡೆಕರೆ ಮೆಕ್ಕೆಜೋಳ ಬೆಳೆಯೋ ರೈತ ಇಷ್ಟು ದುಡ್ಡು ಎಲ್ಲಿಂದ ತರಬೇಕು ಅಂತೀರಾ? ನ್ಯಾಯವಾದ ಪ್ರಶ್ನೆ. ಅದಕ್ಕೇ ಆಳಿನ ಹೆಸರಲ್ಲೂ ವಿಮೆ ಮಾಡಿಸಿ ಅಂತ ನಾನು ಹೇಳೋದು. ಸೀಮೆಹಸುವಿಗೆ ಕಿವಿಯೋಲೆ ಹಾಕಿಸಿ ವಿಮೆ ಮಾಡಿಸ್ತೀವಿ, ಅದರ ಹಾಲು ಕರೆಯೋನಿಗೆ ಯಾಕೆ ಬೇಡ? ಪ್ರಧಾನಮಂತ್ರಿ ಸುರಕ್ಷಾ ಬಿಮಾಕ್ಕೆ ವರ್ಷಕ್ಕೆ 20 ರೂಪಾಯಿ. ಆದರೆ ಅದು ಸಾವು, ಕಣ್ಣು, ಕೈಕಾಲು ಹೋದದ್ದಕ್ಕೆ ಮಾತ್ರ. ಪಕ್ಕೆಲುಬು ಮುರಿದು ಮಲಗಿದರೆ ಏನೂ ಬರಲ್ಲ. ನೌಕರರ ಪರಿಹಾರಕ್ಕೆಂದೇ ಬೇರೆ ಪಾಲಿಸಿ ಇದೆ, ವಿಮಾ ಕಂಪನಿಯಲ್ಲಿ ಕೇಳಿ. ಹತ್ತಾರು ಹಸು ಕಟ್ಟಿರೋ ಡೈರಿಯವರಂತೂ ನೆಪ ಹೇಳಬಾರದು.

ದುಡಿಯೋ ಅಣ್ಣಂದಿರಿಗೆ ಒಂದು ಮಾತು. ಯಾರು ಹೇಳಿಕೊಟ್ಟರೂ ಆಸ್ಪತ್ರೆಯಲ್ಲಿ "ಜಾರಿಬಿದ್ದೆ" ಅಂತ ಬರೆಸಬೇಡಿ. ಯಾರ ಕೊಟ್ಟಿಗೆ, ಯಾವ ಕೆಲಸ, ಎತ್ತು ಹಾಯ್ದದ್ದು ಅಂತ ಇದ್ದದ್ದು ಇದ್ದಂಗೆ ಹೇಳಿ. ಚೀಟಿ, ಬಿಲ್ಲು ಎಲ್ಲಾ ಜೋಪಾನ ಮಾಡಿ, ಎರಡು ವರ್ಷದೊಳಗೆ ಪರಿಹಾರಕ್ಕೆ ಅರ್ಜಿ ಹಾಕಬೇಕು.