ಸತ್ಯಾಂಶ: ದ್ವೇಷದ ಹಲ್ಲೆಗೆಲ್ಲ ಗಲ್ಲು ಶಿಕ್ಷೆಯೇ?

"ಜಾತಿ, ಧರ್ಮ, ಭಾಷೆಯ ದ್ವೇಷದಿಂದ ಹೊಡೆದರೆ ಇನ್ನು ನೇರ ಗಲ್ಲು, ಹೊಸ ಕಾನೂನು ಬಂದಿದೆ" ಎಂಬರ್ಥದ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟುತ್ತಿದೆ. ಇದು ಅರ್ಧ ಸತ್ಯ.

2024ರ ಜುಲೈ 1ರಂದು ಹಳೆಯ ಐಪಿಸಿಯ ಬದಲಿಗೆ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103(2)ನೇ ಕಲಂ ಗುಂಪು ಹತ್ಯೆಗೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸುತ್ತದೆ. ಆದರೆ ಕೊಂದವರು ಕನಿಷ್ಠ ಐವರಿದ್ದು, ಒಟ್ಟುಗೂಡಿ ಕೃತ್ಯ ಎಸಗಿರಬೇಕು. ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ಅಥವಾ ಅಂಥದ್ದೇ ಕಾರಣ ಇರಬೇಕು. 'ಧರ್ಮ' ಎಂಬ ಪದ ಈ ಪಟ್ಟಿಯಲ್ಲಿಲ್ಲ; ವಕೀಲರು ಅದನ್ನು ಸಮುದಾಯ, ನಂಬಿಕೆಗಳ ಅಡಿಯಲ್ಲಿ ವಾದಿಸಬೇಕು. ಇದು ಸಣ್ಣ ಲೋಪವಲ್ಲ.

ಸಾವಾಗದೆ ತೀವ್ರ ಗಾಯವಾದರೆ 117(4)ನೇ ಕಲಂ: ಗರಿಷ್ಠ ಏಳು ವರ್ಷ ಸೆರೆವಾಸ, ಜೊತೆಗೆ ದಂಡ. ಅಲ್ಲಿಯೂ ಐವರ ಲೆಕ್ಕವೇ.

ಮೂವರು ಸೇರಿ ಒಬ್ಬ ವಲಸೆ ಕಾರ್ಮಿಕನನ್ನು "ನಿನ್ನ ಭಾಷೆಯವರಿಗೆ ಇಲ್ಲೇನು ಕೆಲಸ" ಎನ್ನುತ್ತಾ ಬಡಿದರೆಂದುಕೊಳ್ಳಿ. ತುಟಿ ಒಡೆದಿದೆ, ಅಂಗಿ ಹರಿದಿದೆ. ಈ ಎರಡೂ ಕಲಂಗಳು ಅವನಿಗೆ ಒದಗುವುದಿಲ್ಲ. ಆ ಬೈಗುಳ ದೂರಿನಲ್ಲಿ ದಾಖಲಾಗದಿದ್ದರೆ ಅದು ಬರೀ ಬೀದಿ ಜಗಳವಾಗಿ ಉಳಿಯುತ್ತದೆ. ಪರಿಶಿಷ್ಟರಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯ ಆಸರೆಯಿದೆ; ಉಳಿದವರಿಗೆ ಅಂಥ ಪ್ರತ್ಯೇಕ ಕೇಂದ್ರ ಕಾಯ್ದೆ ಇಲ್ಲ.

ಗುಂಪು ಹತ್ಯೆಯನ್ನು ಪ್ರತ್ಯೇಕ ಅಪರಾಧವಾಗಿಸುವಂತೆ ಸುಪ್ರೀಂ ಕೋರ್ಟ್ 2018ರ ಜುಲೈನಲ್ಲೇ ಸಂಸತ್ತಿಗೆ ಶಿಫಾರಸು ಮಾಡಿತ್ತು. ಇಂಥ ಹಿಂಸೆ ತಡೆಯುವ ಹೊಣೆ ಹೊತ್ತ ನೋಡಲ್ ಅಧಿಕಾರಿ ಪ್ರತಿ ಜಿಲ್ಲೆಗೂ ಇರಬೇಕೆಂದಿತ್ತು. ಹೊಸ ಕಲಂ ಬಂದದ್ದು ಒಳ್ಳೆಯದೇ. ಆದರೆ ಒಬ್ಬನೇ ಹೊಡೆದರೂ ದ್ವೇಷವನ್ನು ದ್ವೇಷವೆಂದೇ ದಾಖಲಿಸುವ, ಧರ್ಮವನ್ನು ಹೆಸರಿಸುವ ಸ್ಪಷ್ಟ ಕಾನೂನು ಇನ್ನೂ ಬರಬೇಕಾಗಿದೆ.