ಪ್ರೋಗ್ರಾಮಿಂಗ್‌ನ ಮೊದಲ ಕ್ಲಾಸಿಗೆ ಬಂದವರಿಗೆ ಮೊದಲಿಂದಲೇ ಹೇಳಿಕೊಡಿ

ಹೋದ ಭಾನುವಾರ ಇಲ್ಲೇ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಒಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಊಟಕ್ಕೆ ಕೂತಾಗ ಪಕ್ಕದಲ್ಲಿ ಹಾಸನದ ಒಬ್ಬ ಹುಡುಗಿ. ಮದುವೆಯಾಗಿ ಬಂದು ಎರಡು ವರ್ಷ ಆಗಿದೆಯಂತೆ. "ಅಕ್ಕ, ಕಮ್ಯುನಿಟಿ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಕ್ಲಾಸಿಗೆ ಸೇರ್ಕೊಳ್ಳೋಣ ಅಂತಿದೀನಿ, ನಂಗೆ ಆಗುತ್ತಾ?" ಅಂತ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಎದುರಿಗಿದ್ದ ಹಿರಿಯರೊಬ್ಬರು, "ಅಲ್ಲೇನ್ ಕಲಿಸ್ತಾರಮ್ಮ, ಎಲ್ಲೂ ಸೀಟ್ ಸಿಗದವರು ಹೋಗೋ ಜಾಗ ಅದು" ಅಂದುಬಿಟ್ಟರು. ಹುಡುಗಿ ಸುಮ್ಮನಾದಳು. ಪೂಜೆ ಮನೆಯಲ್ಲಿ ವಾದ ಯಾಕೆ ಅಂತ ನಾನೂ ಸುಮ್ಮನಾದೆ. ಸುಮ್ಮನಾಗಬಾರದಿತ್ತು ಅಂತ ವಾರದಿಂದ ಅನ್ನಿಸುತ್ತಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸಕಲೇಶಪುರದ ಕಡೆಯವಳು. ಅಪ್ಪ ಕಾಫಿ ಎಸ್ಟೇಟ್‌ನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ನಾನು ಓದಿದ್ದು ಬಿ.ಕಾಂ. ಪಿಯುಸಿಯಲ್ಲಿ ಕಾಮರ್ಸ್ ತೆಗೆದುಕೊಂಡ ದಿನವೇ ಇಂಜಿನಿಯರಿಂಗ್ ಬಾಗಿಲು ಮುಚ್ಚಿತ್ತು. 2012ರಲ್ಲಿ ಎಚ್-4 ವೀಸಾದಲ್ಲಿ, ಅಂದರೆ ಕೆಲಸದ ವೀಸಾದಲ್ಲಿ ಬಂದವರ ಹೆಂಡತಿ ಅಥವಾ ಗಂಡ, ಮಕ್ಕಳಿಗೆ ಕೊಡುವ ವೀಸಾದಲ್ಲಿ, ಇಲ್ಲಿಗೆ ಬಂದೆ. ಆಗ ಎಚ್-4ನವರು ಕೆಲಸ ಮಾಡುವ ಹಾಗಿರಲಿಲ್ಲ, ಓದಬಹುದಿತ್ತು. 2015ರ ಮೇ ತಿಂಗಳಲ್ಲಿ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ನಮಗೂ ಕೆಲಸಕ್ಕೆ ಅನುಮತಿ ಕೊಡುವ ನಿಯಮ ಬಂತು. ಆಗ ನನಗೆ 35. ಆ ವರ್ಷವೇ ಹತ್ತಿರದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಪ್ರೋಗ್ರಾಮಿಂಗ್‌ನ ಮೊದಲ ಕ್ಲಾಸಿಗೆ ಸೇರಿಕೊಂಡೆ.

ಹೊಸದಾಗಿ ಬಂದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾಲೇಜುಗಳು 116 ಇವೆ. ಪ್ರವೇಶ ಪರೀಕ್ಷೆ ಇಲ್ಲ, ವಯಸ್ಸು ಕೇಳುವವರಿಲ್ಲ. ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ (ಕ್ಲಾಸು ಎಷ್ಟು ದೊಡ್ಡದು ಅನ್ನುವ ಅಳತೆ) 46 ಡಾಲರ್, ನಾಲ್ಕು ಯೂನಿಟ್‌ನ ಕ್ಲಾಸಿಗೆ 184 ಡಾಲರ್. ಎಚ್-4ನಲ್ಲಿದ್ದರೂ ಇಲ್ಲಿ ನೆಲೆಸಿ ಒಂದು ವರ್ಷ ಒಂದು ದಿನ ಆಗಿದ್ದು ಅದಕ್ಕೆ ದಾಖಲೆ ಇದ್ದರೆ ಇದೇ ಫೀಸು. 1960ರಲ್ಲಿ ರಾಜ್ಯ ಉನ್ನತ ಶಿಕ್ಷಣಕ್ಕೆ ಒಂದು ಯೋಜನೆ ಮಾಡಿತು. ಹೈಸ್ಕೂಲ್ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗ ಯುಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ), ಮೇಲಿನ ಮೂರನೇ ಒಂದು ಭಾಗ ಸ್ಟೇಟ್ ಯೂನಿವರ್ಸಿಟಿಗೆ, ಕಲಿಯಲು ಬಂದ ಬೇರೆ ಎಲ್ಲರಿಗೂ ಕಮ್ಯುನಿಟಿ ಕಾಲೇಜು. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಚೆನ್ನಾಗಿ ಓದಿದವರು ಮೂರನೇ ವರ್ಷಕ್ಕೆ ಯುಸಿಗೆ ಟ್ರಾನ್ಸ್‌ಫರ್ ಆಗಬಹುದು, ಅದರ ಹೆಸರಾಂತ ಬರ್ಕ್ಲಿ ಕ್ಯಾಂಪಸ್‌ಗೂ ಹೋಗುತ್ತಾರೆ. ಆಪಲ್ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಕೂಡ ಕ್ಯುಪರ್ಟಿನೋದ ಡಿ ಆಂಜಾ ಅನ್ನುವ ಕಮ್ಯುನಿಟಿ ಕಾಲೇಜಿನಲ್ಲಿ ಓದಿದವರು. ಸೀಟ್ ಸಿಗದವರ ಜಾಗ ಅನ್ನುವವರು ಇದನ್ನೆಲ್ಲ ಒಮ್ಮೆ ನೋಡಬೇಕು.

ಆದರೆ ಆ ಹುಡುಗಿಗೆ "ಆರಾಮಾಗಿ ಆಗುತ್ತೆ ಹೋಗಮ್ಮ" ಅಂದರೆ ಅದೂ ಸುಳ್ಳೇ. ನಾನು ಮೊದಲ ಸಲ ಆ ಕ್ಲಾಸ್ ಮುಗಿಸಲಿಲ್ಲ. ಒಂಬತ್ತನೇ ವಾರಕ್ಕೆ ಬಿಟ್ಟೆ. ಮಾರ್ಕ್ಸ್ ಕಾರ್ಡಿನಲ್ಲಿ ಡಬ್ಲ್ಯೂ, ಅಂದರೆ ಮಧ್ಯದಲ್ಲೇ ಬಿಟ್ಟಳು ಅಂತ, ಬಂತು.

ಕೋರ್ಸಿನ ವಿವರದಲ್ಲಿ "ಮೊದಲೇ ಏನೂ ಗೊತ್ತಿರಬೇಕಾಗಿಲ್ಲ" ಅಂತ ಬರೆದಿತ್ತು. ನಾನು ಅದನ್ನು ನಂಬಿದ್ದೆ. ಮೊದಲ ದಿನವೇ ಮೇಷ್ಟ್ರು ಕಂಪೈಲರ್ ಹಾಕಿಕೊಳ್ಳಿ, ಟರ್ಮಿನಲ್ ತೆರೆಯಿರಿ, ಆ ಫೋಲ್ಡರ್‌ಗೆ ಹೋಗಿ ರನ್ ಮಾಡಿ ಅಂದರು. ನನಗೆ ಡೌನ್‌ಲೋಡ್ ಮಾಡಿದ ಫೈಲ್ ಎಲ್ಲಿ ಹೋಗಿ ಕೂರುತ್ತದೆ ಅಂತಲೇ ಗೊತ್ತಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮೂರು ನಾಲ್ಕು ಹುಡುಗರು ಹೈಸ್ಕೂಲಿನಲ್ಲೇ ಎಪಿ ಕಂಪ್ಯೂಟರ್ ಸೈನ್ಸ್ (ಕಾಲೇಜು ಮಟ್ಟದ ಪಾಠ) ಮುಗಿಸಿ ಬಂದಿದ್ದರು. ಅವರು ಮೊದಲ ವಾರವೇ ಪಾಯಿಂಟರ್‌ನಂಥ ಮುಂದಿನ ಪಾಠಗಳ ಬಗ್ಗೆ ಕೇಳುತ್ತಿದ್ದರು, ಮೇಷ್ಟ್ರಿಗೂ ಅವರ ಜೊತೆ ಮಾತಾಡುವುದೇ ಖುಷಿ. ಹಿಂದೆ ಕೂತ ನಾವು, ಅಂದರೆ ನಾನು, ಒಬ್ಬ ನರ್ಸ್, ಎರಡು ಕಡೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ, ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಇವರಿಗೆಲ್ಲ ಗೊತ್ತಿದೆ, ನಮಗೆ ಮಾತ್ರ ತಲೆ ಇಲ್ಲ ಅಂದುಕೊಂಡೆವು. ಮಿಡ್‌ಟರ್ಮ್ ಹೊತ್ತಿಗೆ ಹಿಂದಿನ ಎರಡು ಸಾಲು ಖಾಲಿ.

ನಾನು ಎಡವಿದ ಜಾಗ ಸರಿಯಾಗಿ ನೆನಪಿದೆ. ಬೋರ್ಡಿನ ಮೇಲೆ ಎಕ್ಸ್ = ಎಕ್ಸ್ + 1 ಅಂತ ಬರೆದರು. ಶಾಲೆಯಲ್ಲಿ ಬೀಜಗಣಿತ ಕಲಿತವರಿಗೆ ಇದು ಸಾಧ್ಯವೇ ಇಲ್ಲದ ಮಾತು. ಎರಡೂ ಕಡೆಯ ಎಕ್ಸ್ ತೆಗೆದರೆ ಸೊನ್ನೆ ಒಂದಕ್ಕೆ ಸಮ ಆಗುತ್ತದೆ, ಅಲ್ವಾ? ಕೈ ಎತ್ತಿ ಕೇಳಿದೆ. "ಅದು ಸಮ ಅಲ್ಲ, ಅಸೈನ್‌ಮೆಂಟ್" ಅಂತ ಹೇಳಿ ಮುಂದೆ ಹೋದರು. ಅವರು ಹೇಳಿದ್ದು ತಪ್ಪಲ್ಲ. ಆದರೆ ಆ ಒಂದು ಪದದಿಂದ ನನಗೆ ಏನೂ ಗೊತ್ತಾಗಲಿಲ್ಲ, ಅದರ ಮೇಲೆ ಲೂಪ್ ಬಂತು, ಲೂಪ್ ಮೇಲೆ ಅರೇ ಬಂತು, ಬುನಾದಿ ಇಲ್ಲದ ಗೋಡೆಯ ಮೇಲೆ ಗೋಡೆ ಏರುತ್ತಾ ಹೋಯಿತು.

ಮುಂದಿನ ವರ್ಷ ಮತ್ತೆ ಸೇರಿದೆ. ಬೇರೆ ಮೇಡಂ. ಅವರು ಮೊದಲ ಮೂರು ವಾರ ಪೇಪರ್ ಪೆನ್ಸಿಲ್ ಬಿಡಿಸಲಿಲ್ಲ. ಪ್ರತಿ ವೇರಿಯಬಲ್‌ಗೆ, ಅಂದರೆ ಎಕ್ಸ್‌ನಂತೆ ಬೆಲೆ ಇಟ್ಟುಕೊಳ್ಳುವ ಪ್ರತಿ ಹೆಸರಿಗೆ, ಒಂದು ಚೌಕ ಬರೆಯಿರಿ. ಒಂದೊಂದೇ ಸಾಲು ಓದಿ. ಬಲಗಡೆ ಇರುವುದನ್ನು ಮೊದಲು ಲೆಕ್ಕ ಹಾಕಿ, ಬಂದದ್ದನ್ನು ಎಡಗಡೆಯ ಚೌಕಕ್ಕೆ ಹಾಕಿ, ಹಳೆಯದನ್ನು ಅಡ್ಡ ಗೆರೆ ಎಳೆದು ಹೊಡೆದುಹಾಕಿ. ಹೀಗೆ ನಾಲ್ಕು ಸಲ ಬರೆಯುವಷ್ಟರಲ್ಲಿ ನನಗೆ ಅಪ್ಪನ ನಗದು ಪುಸ್ತಕ ಕಣ್ಣ ಮುಂದೆ ಬಂತು. ದಿನಾ ಸಂಜೆ ಬರೆಯುತ್ತಿದ್ದರು. ಆರಂಭ ಶಿಲ್ಕು, ಅದಕ್ಕೆ ಇವತ್ತಿನ ಜಮಾ ಸೇರಿಸಿ, ಖರ್ಚು ಕಳೆದು, ಕೆಳಗೆ ಅಖೈರು ಶಿಲ್ಕು. ಇವತ್ತಿನ ಅಖೈರು ಶಿಲ್ಕೇ ನಾಳೆಯ ಆರಂಭ ಶಿಲ್ಕು. ಶಿಲ್ಕು ಅನ್ನುವ ಹೆಸರು ಒಂದೇ, ಒಳಗಿನ ಮೊತ್ತ ದಿನಾ ಬೇರೆ. ಎಕ್ಸ್ = ಎಕ್ಸ್ + 1 ಅಂದರೆ ಅಷ್ಟೇ! ಬಿ.ಕಾಂ ಓದಿದ ನನಗೆ ಇದು ಮೊದಲೇ ಗೊತ್ತಿತ್ತು. ನನಗೆ ಗೊತ್ತಿದೆ ಅಂತ ನನಗೆ ತೋರಿಸಿಕೊಡುವವರು ಬೇಕಾಗಿತ್ತು. ಆ ಸಲ ಎ ಗ್ರೇಡ್ ಬಂತು.

ಈಗ ಒಂದು ಕಾಲೇಜಿನ ಟ್ಯೂಟರಿಂಗ್ ಸೆಂಟರ್‌ನಲ್ಲಿ ವಾರಕ್ಕೆ ಮೂರು ಸಂಜೆ ಕೂರುತ್ತೇನೆ. ಸೋತು ಬರುವವರನ್ನು ನೂರಾರು ಜನ ನೋಡಿದ್ದೇನೆ. ತಲೆ ಇಲ್ಲದೆ ಸೋತವರು ನನಗೆ ಒಬ್ಬರೂ ಸಿಕ್ಕಿಲ್ಲ.

ಈ ಕ್ಲಾಸು ಕಷ್ಟ ಅನ್ನುವುದು ನಮ್ಮ ಕಾಲೇಜುಗಳ ಗುಟ್ಟೂ ಅಲ್ಲ, ಹೊಸ ವಿಷಯವೂ ಅಲ್ಲ. 2007ರಲ್ಲಿ ಡೆನ್ಮಾರ್ಕ್‌ನ ಇಬ್ಬರು ಅಧ್ಯಾಪಕರು ಹಲವು ದೇಶಗಳ ಕಾಲೇಜುಗಳಿಂದ ಲೆಕ್ಕ ತರಿಸಿ ನೋಡಿದಾಗ ಪ್ರೋಗ್ರಾಮಿಂಗ್‌ನ ಮೊದಲ ಕ್ಲಾಸಿನಲ್ಲಿ ಸರಾಸರಿ 33% ಜನ ಪಾಸಾಗುತ್ತಿರಲಿಲ್ಲ. ಮೂವರಲ್ಲಿ ಒಬ್ಬರು! 2001ರಲ್ಲಿ ಇನ್ನೊಂದು ಅಧ್ಯಯನದಲ್ಲಿ ಬೇರೆ ಬೇರೆ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ, ಅದೂ ಮೊದಲ ಕೋರ್ಸ್ ಮುಗಿಸಿದವರಿಗೆ, ಒಂದೇ ಥರದ ಪರೀಕ್ಷೆ ಕೊಟ್ಟರು. 110ಕ್ಕೆ ಬಂದ ಸರಾಸರಿ 23ರ ಆಸುಪಾಸು. ಅವರೇನು ಸೀಟ್ ಸಿಗದವರಲ್ಲ. ಕಲಿಸುವ ಕ್ರಮದಲ್ಲೇ ಏನೋ ತಪ್ಪಿದೆ ಅಂತ ಇದರಿಂದ ಗೊತ್ತಾಗಲ್ವಾ?

ನನ್ನ ಮಾತು ಇಷ್ಟು. ಮೊದಲ ಕ್ಲಾಸ್ ಅಂತ ಹೆಸರಿಟ್ಟ ಮೇಲೆ ಅದು ನಿಜವಾಗಿ ಮೊದಲಿಂದ ಶುರುವಾಗಬೇಕು. ಫೈಲ್ ಅಂದರೇನು, ಫೋಲ್ಡರ್ ಅಂದರೇನು, ಎರರ್ ಮೆಸೇಜ್ ಬಂದಾಗ ಅದರಲ್ಲಿ ಯಾವ ಸಾಲಿನ ನಂಬರ್ ಓದಬೇಕು, ಇದೆಲ್ಲ ಪಾಠದ ಒಳಗೇ ಬರಬೇಕು, "ಮನೇಲಿ ನೋಡ್ಕೊಳ್ಳಿ" ಆಗಬಾರದು. ಮೊದಲೇ ಕಲಿತು ಬಂದ ಮಕ್ಕಳಿಗೆ ನೇರ ಎರಡನೇ ಕ್ಲಾಸಿಗೆ ಹೋಗಲು ದಾರಿ ತೋರಿಸಬೇಕು. ಒಂದು ಸ್ಪೇಸ್ ಜಾಸ್ತಿ ಆಯಿತು ಅಂತ ಸೊನ್ನೆ ಕೊಡುವ ಆಟೋಗ್ರೇಡರ್, ಅಂದರೆ ತಾನೇ ಮಾರ್ಕ್ಸ್ ಹಾಕುವ ಸಾಫ್ಟ್‌ವೇರ್, ಮೊದಲ ತಿಂಗಳಲ್ಲಂತೂ ಬೇಡ. ಹೋದ ವರ್ಷ ಒಬ್ಬಾಕೆ ರಾತ್ರಿ ಹನ್ನೊಂದರವರೆಗೆ ಕೂತು ಸರಿಯಾದ ಉತ್ತರವನ್ನೇ ಒಂಬತ್ತು ಸಲ ಸಬ್ಮಿಟ್ ಮಾಡಿದ್ದಳು. ತಪ್ಪು ಎಲ್ಲಿದೆ ಅಂತ ಕೇಳಿಕೊಂಡು ಮರುದಿನ ನನ್ನ ಹತ್ತಿರ ಬಂದಾಗ ಕಣ್ಣು ಕೆಂಪಾಗಿತ್ತು. ಕೋಲನ್ ಆದ ಮೇಲೆ ಎರಡು ಸ್ಪೇಸ್ ಇತ್ತು, ಅಷ್ಟೇ.

ಕಲಿಸುವವರ ಪಾಡೂ ಹೇಳಬೇಕು, ಬರೀ ಅವರನ್ನು ದೂರಿದರೆ ನ್ಯಾಯ ಅಲ್ಲ. ಸಂಜೆ ಕ್ಲಾಸುಗಳನ್ನು ತೆಗೆದುಕೊಳ್ಳುವ ಬಹಳ ಜನ ಪಾರ್ಟ್‌ಟೈಮ್ ಮೇಷ್ಟ್ರು. ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಅವರಿಗೆ ಒಂದು ಕಡೆ ಪೂರ್ಣಾವಧಿ ಕೆಲಸದ 67% ದಾಟುವ ಹಾಗಿಲ್ಲ. ಹಾಗಾಗಿ ಎರಡು ಮೂರು ಕಾಲೇಜುಗಳ ನಡುವೆ ಕಾರಿನಲ್ಲೇ ಓಡಾಡುತ್ತಾರೆ. ಕೂರಲು ಸ್ವಂತ ಕೋಣೆ ಇಲ್ಲದವರಿದ್ದಾರೆ. ಕ್ಲಾಸ್ ಮುಗಿದ ಮೇಲೆ ಪಾರ್ಕಿಂಗ್‌ನಲ್ಲಿ ನಿಂತು ಡೌಟ್ ಹೇಳಿಕೊಟ್ಟವರನ್ನು ನಾನೇ ನೋಡಿದ್ದೇನೆ. ನನಗೆ ಚೌಕ ಬರೆಸಿದ ಮೇಡಂ ಕೂಡ ಪಾರ್ಟ್‌ಟೈಮೇ. ಮೊದಲ ಕ್ಲಾಸ್ ಯಾರು ಬೇಕಾದರೂ ತೆಗೆದುಕೊಳ್ಳಬಹುದು, ದೊಡ್ಡ ಕ್ಲಾಸಿಗೆ ದೊಡ್ಡ ಮೇಷ್ಟ್ರು ಬೇಕು ಅನ್ನುವ ಲೆಕ್ಕ ನನಗೆ ತಲೆಕೆಳಗು ಅನ್ನಿಸುತ್ತದೆ. ಅ ಆ ಇ ಈ ಕಲಿಸುವುದೇ ಕಷ್ಟ. ಅಲ್ಲಿಗೆ ಒಳ್ಳೆಯ ಮೇಷ್ಟ್ರನ್ನು ಹಾಕಿ, ಅವರಿಗೆ ಸರಿಯಾದ ಸಂಬಳ ಕೊಡಿ, ಕೂರಲು ಒಂದು ಕುರ್ಚಿ ಕೊಡಿ.

ಚಾಟ್‌ಜಿಪಿಟಿ ಬಂದಿದೆಯಲ್ಲ, ಇನ್ನು ಈ ಕ್ಲಾಸ್ ಯಾಕೆ ಅಂತ ಕೇಳುವವರೂ ಇದ್ದಾರೆ. ಅದು ಬರೆದುಕೊಟ್ಟ ಕೋಡನ್ನು ತಂದು "ಇದರಲ್ಲಿ ಏನಾಗ್ತಿದೆ ಹೇಳಿ" ಅಂತ ನನ್ನ ಮುಂದೆ ಇಡುವವರು ಈಗ ಜಾಸ್ತಿ. ಆಗಲೂ ನಾನು ಮಾಡುವುದು ಪೇಪರ್ ತೆಗೆದು ಚೌಕ ಬರೆಸುವುದೇ.

ಇನ್ನೊಂದು ಹೇಳಲೇಬೇಕು. ಮೊದಲ ಕ್ಲಾಸುಗಳಲ್ಲಿ ಒಂದು ಹಳೇ ಲೆಕ್ಕ ಇದೆ, 1980ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಎಲಿಯಟ್ ಸೊಲೋವೆ ಅನ್ನುವವರು ವಿದ್ಯಾರ್ಥಿಗಳಿಗೆ ಕೊಟ್ಟದ್ದು. ಮಳೆ ಲೆಕ್ಕ ಅಂತಲೇ ಹೆಸರು. ದಿನದಿನದ ಮಳೆಯ ಅಳತೆ ಓದುತ್ತಾ ಹೋಗಬೇಕು, ಅಳತೆ ಮುಗಿಯಿತು ಅನ್ನುವ ಗುರುತಾದ 99999 ಬಂದರೆ ನಿಲ್ಲಿಸಬೇಕು, ಸರಾಸರಿ ಹೇಳಬೇಕು. ನೋಡಲು ಸುಲಭ, ಮಾಡಲು ಕೂತರೆ ಬಹಳ ಜನ ತಪ್ಪುತ್ತಾರೆ. 99999 ಅನ್ನೂ ಮಳೆ ಅಂತ ಕೂಡಿಬಿಡುತ್ತಾರೆ. ನನಗೆ ಈ ಲೆಕ್ಕ ಇಷ್ಟ. ನಮ್ಮ ಎಸ್ಟೇಟ್‌ನಲ್ಲೂ ಮಳೆ ಅಳೆಯುವ ಡಬ್ಬಿ ಇತ್ತು. ಅಪ್ಪ ಬೆಳಗ್ಗೆ ಎದ್ದು ನೋಡಿ, "ಒಂದು ಇಂಚು ಇಪ್ಪತ್ತು ಸೆಂಟ್ಸ್" (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ) ಅಂತ ಪುಸ್ತಕದಲ್ಲಿ ಬರೆಯುತ್ತಿದ್ದರು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಂತೋ ಇಲ್ಲವೋ ಅನ್ನುವುದರ ಮೇಲೆ ಆ ವರ್ಷದ ಕಾಫಿ ನಿಂತಿರುತ್ತಿತ್ತು.

ಹೋದ ಸೆಮಿಸ್ಟರ್ ಗೋದಾಮಿನಲ್ಲಿ ರಾತ್ರಿ ಪಾಳಿ ಕೆಲಸ ಮಾಡುವ ಐವತ್ತು ದಾಟಿದ ಒಬ್ಬರು ಇದೇ ಲೆಕ್ಕ ಹಿಡಿದು ಬಂದರು. ಎರಡು ಸಲ ಈ ಕ್ಲಾಸ್ ಬಿಟ್ಟವರು, ಇದು ಮೂರನೇ ಪ್ರಯತ್ನ. ಮೂರು ಚೌಕ ಬರೆದೆವು. ಒಟ್ಟು, ದಿನ, ಈಗ ಓದಿದ್ದು. ಒಂದೊಂದೇ ಅಂಕಿ ಓದಿ ಅವರೇ ಹೊಡೆದು ಬರೆಯುತ್ತಾ ಹೋದರು. 99999 ಬಂದಾಗ ಪೆನ್ಸಿಲ್ ನಿಂತಿತು. "ಇದನ್ನು ಕೂಡಬಾರದು, ಕೂಡುವ ಮೊದಲೇ ನೋಡಬೇಕು" ಅಂತ ಅವರೇ ಹೇಳಿದರು. ಸರಾಸರಿ ಸರಿ ಬಂತು. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಎದ್ದವರು ಮತ್ತೆ ಕೂತರು. "ಮೊದಲನೇ ಅಂಕಿಯೇ 99999 ಆಗಿದ್ದರೆ? ಒಂದು ದಿನವೂ ಲೆಕ್ಕಕ್ಕೆ ಸಿಗಲ್ಲ. ಸೊನ್ನೆಯಿಂದ ಭಾಗಿಸಬೇಕಾಗುತ್ತೆ" ಅಂದರು. ನಾನು ಹೇಳಿರಲಿಲ್ಲ. ಪುಸ್ತಕದಲ್ಲೂ ಇರಲಿಲ್ಲ. ಸೆಂಟರ್ ಮುಚ್ಚುವ ಹೊತ್ತು ಆಗಿತ್ತು, ಇನ್ನೂ ಹತ್ತು ನಿಮಿಷ ಕೂತು ಅದನ್ನೂ ಬರೆದು ಹೋದರು.

ಹಾಸನದ ತಂಗಿ, ನೀನು ಇದನ್ನು ಓದುತ್ತಿದ್ದರೆ, ಸೇರಿಕೋಮ್ಮ. ಸೆಮಿಸ್ಟರ್ ಇರುವ ಕಾಲೇಜುಗಳಲ್ಲಿ ಆಗಸ್ಟ್ ಕೊನೆಯ ಹೊತ್ತಿಗೆ ಶುರುವಾಗುತ್ತದೆ. ಕ್ಲಾಸ್ ತುಂಬಿದ್ದರೆ ವೇಟ್‌ಲಿಸ್ಟ್‌ನಲ್ಲಿ ಹೆಸರು ಹಾಕಿ ಮೊದಲ ದಿನ ತಪ್ಪದೆ ಹೋಗು, ಬಿಟ್ಟು ಹೋಗುವವರು ಇದ್ದೇ ಇರುತ್ತಾರೆ, ಸೀಟು ಸಿಗುತ್ತದೆ. ಮೊದಲ ವಾರವೇ ಟ್ಯೂಟರಿಂಗ್ ಸೆಂಟರ್ ಎಲ್ಲಿದೆ ನೋಡಿಕೊಂಡಿರು, ಸಾಮಾನ್ಯವಾಗಿ ಅದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ. ಯಾವ ಕ್ಲಾಸ್ ಮೊದಲು ತಗೊಳ್ಳಬೇಕು ಅಂತ ಗೊತ್ತಾಗದಿದ್ದರೆ ನನಗೆ ಮೆಸೇಜ್ ಮಾಡು. ಬೇರೆ ಯಾರಾದರೂ ಇದ್ದರೆ ನೀವೂ ಮಾಡಿ. ಮಂಗಳವಾರ, ಬುಧವಾರ, ಗುರುವಾರ ಸಂಜೆ ಬಿಟ್ಟು ಬೇರೆ ಯಾವಾಗ ಬೇಕಾದರೂ ಫೋನಿನಲ್ಲಿ ಸಿಗುತ್ತೇನೆ.