ಬೆರೆತ ಡಿಎನ್‌ಎ: ಸಾಫ್ಟ್‌ವೇರ್ ಲೆಕ್ಕವನ್ನು ಕೋರ್ಟ್ ನಂಬಬೇಕಾ?

ಪರ

ಒಬ್ಬರದೇ ರಕ್ತದ ಕಲೆ ಸಿಕ್ಕರೆ ಡಿಎನ್‌ಎ ಪರೀಕ್ಷೆಯಲ್ಲಿ ಜಾಸ್ತಿ ತಕರಾರಿಲ್ಲ. ಆದರೆ ಪಿಸ್ತೂಲಿನ ಹಿಡಿಯನ್ನು ನಾಲ್ಕು ಜನ ಮುಟ್ಟಿದ್ದರೆ? ಡಿಎನ್‌ಎ ಎಳೆಯಲ್ಲಿ ಪರೀಕ್ಷೆ ಮಾಡುವ ಒಂದೊಂದು ಜಾಗದಲ್ಲೂ ಸಾಮಾನ್ಯವಾಗಿ ಒಬ್ಬರಿಗೆ ಒಂದೋ ಎರಡೋ ಶಿಖರಗಳು ಗ್ರಾಫ್‌ನಲ್ಲಿ ಏಳುತ್ತವೆ. ನಾಲ್ವರದು ಸೇರಿದರೆ ಅವು ಒಂದರ ಮೇಲೊಂದು ಕೂತುಬಿಡುತ್ತವೆ. ಡಿಎನ್‌ಎ ತೀರಾ ಕಡಿಮೆ ಇದ್ದರೆ ಕೆಲವು ಶಿಖರ ಕಾಣುವುದೇ ಇಲ್ಲ.

ಇದನ್ನು ಹಳೆಯ ವಿಧಾನದಲ್ಲಿ ಬಿಡಿಸುವುದು ಎಷ್ಟು ಕಷ್ಟ ಅನ್ನುವುದು 2013ರಲ್ಲಿ ಬಯಲಾಯಿತು. ಅಳತೆ, ಮಾನದಂಡಗಳನ್ನು ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ 108 ಲ್ಯಾಬ್‌ಗಳಿಗೆ ಒಂದೇ ಮಿಶ್ರಣವನ್ನು ಕೊಟ್ಟು ನೋಡಿತು. ಅದರಲ್ಲಿ ಇಲ್ಲವೇ ಇಲ್ಲದ ಒಬ್ಬನನ್ನು 74 ಲ್ಯಾಬ್‌ಗಳು ಒಳಗೆ ಸೇರಿಸಿದವು. ಗಾಬರಿಯಾಗುತ್ತದೆ, ಅಲ್ವಾ?

ಟ್ರೂಅಲೀಲ್, ಎಸ್‌ಟಿಆರ್‌ಮಿಕ್ಸ್‌ನಂಥ ಸಾಫ್ಟ್‌ವೇರ್‌ಗಳು ಶಿಖರಗಳ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಆರೋಪಿ ಮಿಶ್ರಣದಲ್ಲಿದ್ದರೆ ಇಂಥ ಗ್ರಾಫ್ ಬರುವ ಸಾಧ್ಯತೆ ಎಷ್ಟು, ಇಲ್ಲದಿದ್ದರೆ ಎಷ್ಟು ಅಂತ ಎರಡನ್ನೂ ಹೋಲಿಸಿ ಹೇಳುತ್ತವೆ. ಇಂಡಿಯಾನಾದಲ್ಲಿ 20 ವರ್ಷಕ್ಕೂ ಜಾಸ್ತಿ ಜೈಲಿನಲ್ಲಿದ್ದ ನಿರಪರಾಧಿಯೊಬ್ಬರು 2016ರಲ್ಲಿ ಹೊರಬಂದದ್ದು ಇಂಥ ಲೆಕ್ಕದ ಬಲದಿಂದಲೇ.

ವಿರೋಧ

ಆ ಬಿಡುಗಡೆ ನನಗೂ ಸಂತೋಷ ಕೊಟ್ಟ ವಿಷಯ. ಆದರೂ ನನ್ನ ಮನಸ್ಸು ಈ ಕಡೆಗೇ ವಾಲುತ್ತದೆ. ಅದಕ್ಕೆ ಕಾರಣ ಪಾಟ್ಸ್‌ಡ್ಯಾಮ್ ಕೇಸು.

ನ್ಯೂಯಾರ್ಕ್ ರಾಜ್ಯದ ಆ ಊರಿನಲ್ಲಿ 2011ರಲ್ಲಿ 12 ವರ್ಷದ ಹುಡುಗನ ಕೊಲೆಯಾಯಿತು. ಅವನ ಉಗುರಿನಡಿ ಸಿಕ್ಕ ಚೂರುಪಾರು ಡಿಎನ್‌ಎಯಿಂದ ಏನೂ ತೀರ್ಮಾನಿಸಲಾಗದು ಅಂತು ಟ್ರೂಅಲೀಲ್. ಎಸ್‌ಟಿಆರ್‌ಮಿಕ್ಸ್ ಆರೋಪಿಯ ಕಡೆಗೆ ಬೆರಳು ತೋರಿಸಿತು. ಪುರಾವೆ ಒಂದೇ, ಉತ್ತರ ಎರಡು! ಲ್ಯಾಬ್ ತನ್ನಲ್ಲೇ ಆ ಸಾಫ್ಟ್‌ವೇರನ್ನು ಸರಿಯಾಗಿ ಪರೀಕ್ಷಿಸಿರಲಿಲ್ಲ ಅಂತ 2016ರಲ್ಲಿ ನ್ಯಾಯಾಧೀಶರು ಎಸ್‌ಟಿಆರ್‌ಮಿಕ್ಸ್ ಫಲಿತಾಂಶವನ್ನು ಪಕ್ಕಕ್ಕಿಟ್ಟರು. ಆರೋಪಿ ಖುಲಾಸೆಯಾದ. ಆ ಹುಡುಗನ ತಾಯಿಯ ಜಾಗದಲ್ಲಿ ನಿಂತು ಯೋಚಿಸಿದರೆ ಸಂಕಟವಾಗುತ್ತದೆ. ಹಾಗಂತ ಆ ಅಂಕಿಯನ್ನು ನಂಬಿ ಒಬ್ಬನನ್ನು ಜೈಲಿಗೆ ಕಳಿಸಲು ನನ್ನಿಂದ ಆಗುತ್ತಿರಲಿಲ್ಲ.

ಯಂತ್ರದ ಲೆಕ್ಕದಲ್ಲಿ ಮನುಷ್ಯನ ಕೈ ಇಲ್ಲ ಅನ್ನುವುದೂ ಸರಿಯಲ್ಲ. ಎಷ್ಟು ಜನರದು ಬೆರೆತಿದೆ ಅಂತ ಮೊದಲು ವಿಶ್ಲೇಷಕರೇ ಅಂದಾಜು ಮಾಡಿ ತುಂಬಬೇಕು. ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿಯ 2016ರ ವರದಿಯೂ ಈ ವಿಧಾನಕ್ಕೆ ಗಡಿ ಹಾಕಿತ್ತು. ಮೂವರ ಮಿಶ್ರಣದವರೆಗೆ, ಅದೂ ಕಡಿಮೆ ಪಾಲಿನವನದು ಕನಿಷ್ಠ ಶೇ. 20 ಇದ್ದಾಗ ಮಾತ್ರ ಆಗಿನ ಪುರಾವೆ ಸಾಕು ಅಂದಿತ್ತು.

ಇನ್ನು ಟ್ರೂಅಲೀಲ್ ಒಳಗಿನ ಕೋಡ್ ಕಂಪನಿಯ ಗುಟ್ಟು. ನ್ಯೂಜೆರ್ಸಿಯ ಒಬ್ಬ ಆರೋಪಿಯ ವಕೀಲರು ಅದನ್ನು ನೋಡಬೇಕು ಅಂತ ಕೇಳಿದಾಗ ಕೆಳಗಿನ ಕೋರ್ಟ್ ಆಗಲ್ಲ ಅಂದಿತು. 2021ರಲ್ಲಿ ಮೇಲ್ಮನವಿ ಕೋರ್ಟ್ ಒಪ್ಪಿದ ಮೇಲಷ್ಟೇ ಅವರಿಗೆ ದಾರಿ ತೆರೆಯಿತು.